ತಂಪುನಾಡಿನ ಹುಲ್ಲು: ಗುರುತು ಮತ್ತು ಆರೈಕೆ

(ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ಇಂದು ಅಮೆರಿಕದ ವಿಳಾಸವೊಂದನ್ನು ಹೊಂದಿರದ ಊರು ವಿರಳ. ಮಗನೋ ಮಗಳೋ ಅಲ್ಲಿ ನೆಲೆಸಿರುತ್ತಾರೆ. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ತಂದೆತಾಯಿ ಆರು ತಿಂಗಳು ಹೋಗಿ ಬರುತ್ತಾರೆ. ಹಾಗೆ ಹೋಗಿ ಬಂದವರು ಹೇಳುವ ಸಂಗತಿಗಳಲ್ಲಿ ಹುಲ್ಲಿನ ಸಂಗತಿಯೂ ಒಂದು. ದನವಿಲ್ಲದ ಮನೆಯ ಮುಂದೆ ಹುಲ್ಲು ಬೆಳೆಸುತ್ತಾರೆ, ಅದಕ್ಕೆ ನೀರು ಹಾಯಿಸುತ್ತಾರೆ, ಗೊಬ್ಬರ ಹಾಕುತ್ತಾರೆ, ವಾರಕ್ಕೊಮ್ಮೆ ಕತ್ತರಿಸಿ ಚೀಲದಲ್ಲಿ ತುಂಬಿ ರಸ್ತೆಯಂಚಿಗೆ ಇಡುತ್ತಾರೆ ಎಂದು ಅವರು ಬೆರಗಿನಿಂದ ವರ್ಣಿಸುವುದುಂಟು. ಬೇಣದಿಂದ ಹೊರೆ ಹುಲ್ಲು ಹೊತ್ತು ತಂದು ಕೊಟ್ಟಿಗೆಗೆ ಹಾಕಿದ ಜನರಿಗೆ ಇದು ವಿಚಿತ್ರವಾಗಿ ತೋರುವುದು ಸಹಜ.

ಅಮೆರಿಕದ ಉತ್ತರ ಭಾಗದಲ್ಲಿ ಮನೆಯ ಮುಂದಿನ ಆ ಹುಲ್ಲು ಬಹುಮಟ್ಟಿಗೆ ಕೆಂಟಕಿ ಬ್ಲೂಗ್ರಾಸ್ ಎಂಬುದಾಗಿರುತ್ತದೆ. ಒಂಟಿಯಾಗಿ, ಇಲ್ಲವೇ ರೈಗ್ರಾಸ್, ಫೆಸ್ಕ್ಯೂ ಎಂಬ ಬೇರೆ ಹುಲ್ಲುಗಳ ಜೊತೆ ಬೆರೆತು. ಈ ಒಂದು ಹುಲ್ಲಿನ ಗುರುತು ಮತ್ತು ಆರೈಕೆ ಇಂದಿನ ವಿಷಯ. ಬೆಟ್ಟಸೀಮೆಯ ಸಭೆಯಲ್ಲಿ ಇದನ್ನೇಕೆ ಎತ್ತಿಕೊಳ್ಳಬೇಕು ಎಂಬ ಪ್ರಶ್ನೆ ಏಳುವುದು ನ್ಯಾಯವೇ. ಹುಲ್ಲುಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವ ಕ್ರಮ ಎಲ್ಲ ದೇಶಕ್ಕೂ ಒಂದೇ. ಅಚ್ಚುಕಟ್ಟಾಗಿ ಅಭ್ಯಾಸವಾಗಿರುವ ಒಂದು ಹುಲ್ಲಿನಿಂದ ಅದನ್ನು ಕಲಿಯುವುದು ಸುಲಭ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ತನ್ನ ಋತುವಿನಲ್ಲಿ, ತನ್ನ ನೆಲದಲ್ಲಿ ಅತ್ಯಲ್ಪ ಆರೈಕೆ ಬೇಡುವ ಒಂದು ಸಸ್ಯ, ಋತು ತಪ್ಪಿಸಿ ಸ್ಥಳ ತಪ್ಪಿಸಿ ಬೆಳೆಸಹೊರಟಾಗ ಎಷ್ಟು ನೀರನ್ನು, ಎಷ್ಟು ವಿಷವನ್ನು ಬೇಡುತ್ತದೆ ಎಂಬುದಕ್ಕೆ ಇದರಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಮೊದಲು ಹೆಸರಿನ ವಿಚಾರ. ಸಸ್ಯಶಾಸ್ತ್ರದಲ್ಲಿ ಇದು ಪೋಆ ಪ್ರಟೆನ್ಸಿಸ್. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಹೆಸರನ್ನು ಪ್ರಕಟಿಸಿದ. ಪೋಆ ಎಂಬುದು ಹುಲ್ಲಿಗೆ ಗ್ರೀಕರ ಮಾತು, ಪ್ರಟೆನ್ಸಿಸ್ ಎಂದರೆ ಹುಲ್ಲುಗಾವಲಿನದು. ಹೆಸರಿನಲ್ಲಿ ಕೆಂಟಕಿ ಇದೆಯಾದರೂ ಇದು ಕೆಂಟಕಿಯ ಮೂಲವಾಸಿಯಲ್ಲ. ಯೂರೋಪು ಮತ್ತು ಉತ್ತರ ಏಷ್ಯಾದ ತಂಪು ಗಾವಲುಗಳು ಇದರ ತವರು. ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿಯೂ ಇದು ತಾನಾಗಿ ಬೆಳೆಯುತ್ತದೆ. ಯೂರೋಪಿನ ವಲಸಿಗರು 17ನೇ ಶತಮಾನದಲ್ಲಿ ದನಕರುಗಳನ್ನು ಹಡಗಿನಲ್ಲಿ ಸಾಗಿಸಿದಾಗ ಮೇವಿನ ಜೊತೆಗೆ, ಬೀಜದ ಜೊತೆಗೆ ಇದೂ ಅಟ್ಲಾಂಟಿಕ್ ದಾಟಿತು. ಕೆಂಟಕಿ ಪ್ರಾಂತದ ಸುಣ್ಣಕಲ್ಲಿನ ನೆಲ ಇದಕ್ಕೆ ಚೆನ್ನಾಗಿ ಒಗ್ಗಿತು. ಅಲ್ಲಿನ ಕುದುರೆ ಸಾಕಣೆ ಹೆಸರಾದಂತೆ ಹುಲ್ಲಿಗೂ ಆ ಊರಿನ ಹೆಸರೇ ನಿಂತಿತು. ಎಲೆ ಹಸಿರೇ, ಕತ್ತರಿಸದೆ ಬಿಟ್ಟಾಗ ಮೇಲೇಳುವ ತೆನೆಗಳಿಗೆ ಮಾತ್ರ ದೂರದಿಂದ ತುಸು ನೀಲಿಛಾಯೆ ಕಾಣುತ್ತದೆ. ಬ್ಲೂಗ್ರಾಸ್ ಎಂದೇ ಕರೆಸಿಕೊಳ್ಳುವ ಅಮೆರಿಕದ ಜನಪ್ರಿಯ ಸಂಗೀತಕ್ಕೂ ಈ ಪ್ರಾಂತದ ಮೂಲಕವೇ ಹೆಸರು ಬಂದದ್ದು. ಹುಲ್ಲೊಂದು ಹಾಡಿಗೆ ಹೆಸರು ಕೊಟ್ಟ ನಿದರ್ಶನ ಬಹಳ ಇರಲಾರದು.

ಇನ್ನು ಗುರುತು. ಹುಲ್ಲೆಲ್ಲ ಒಂದೇ ಎಂದು ಹೇಳುವವರು ಗದ್ದೆಯಲ್ಲಿ ಕಳೆ ಕಿತ್ತವರಾಗಿರುವುದಿಲ್ಲ. ಎಳೆಯ ಭತ್ತದ ಸಸಿಯನ್ನೂ ಅದರ ನಡುವೆ ಭತ್ತದಂತೆಯೇ ನಟಿಸುತ್ತ ನಿಂತ ಕಳೆಹುಲ್ಲನ್ನೂ ಹೆಂಗಸರ ಕೈ ಕ್ಷಣಮಾತ್ರದಲ್ಲಿ ಬೇರ್ಪಡಿಸುತ್ತದೆ. ಆ ಕೈ ಬಲ್ಲದ್ದನ್ನೇ ಸಸ್ಯಶಾಸ್ತ್ರ ಬೇರೆ ಮಾತಿನಲ್ಲಿ ಹೇಳುತ್ತದೆ. ಹುಲ್ಲಿನ ಎಲೆಗೆ ಎರಡು ಭಾಗ. ಕಾಂಡವನ್ನು ಕತ್ತಿಯ ಒರೆಯಂತೆ ಸುತ್ತಿಕೊಂಡಿರುವ ಕೆಳಭಾಗ ಒಂದು, ಹೊರಗೆ ಚಾಚಿರುವ ಅಲಗು ಇನ್ನೊಂದು. ಇವೆರಡು ಕೂಡುವ ಕಂಠದಲ್ಲಿ, ಒಳಮಗ್ಗುಲಿಗೆ, ಚಿಕ್ಕದೊಂದು ಪೊರೆ ಇರುತ್ತದೆ. ಅದನ್ನು ನಾಲಗೆ ಎನ್ನಬಹುದು. ಕೆಲವು ಹುಲ್ಲುಗಳಲ್ಲಿ ಅದೇ ಕಂಠದ ಎರಡೂ ಪಕ್ಕದಿಂದ ಕಿವಿಯಂತೆ ಚಾಚುಗಳು ಬಂದು ಕಾಂಡವನ್ನು ತಬ್ಬಿರುತ್ತವೆ. ಭತ್ತಕ್ಕೆ ನಾಲಗೆಯೂ ಉಂಟು, ಕಿವಿಯೂ ಉಂಟು. ಗದ್ದೆಯ ಆ ಹೋಲಿಕೆಯ ಕಳೆಗೆ ನಾಲಗೆಯೇ ಇಲ್ಲ. ಹೂವಿಲ್ಲದ ಹುಲ್ಲನ್ನು ಗುರುತಿಸಲು ನೋಡಬೇಕಾದ ಜಾಗ ಈ ಕಂಠವೇ.

ಕೆಂಟಕಿ ಬ್ಲೂಗ್ರಾಸಿನ ನಾಲಗೆ ಬಹಳ ಗಿಡ್ಡ; ತುದಿ ಕತ್ತರಿಸಿದಂತೆ ಮೊಂಡಾಗಿರುವ, ಮಿಲಿಮೀಟರಿಗೂ ಕಿರಿದಾದ ಅಂಚು. ಕಿವಿಗಳಿಲ್ಲ. ಅಲಗಿನ ಅಗಲ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್. ಇನ್ನೂ ಬಿಚ್ಚದ ಎಳೆಯ ಎಲೆಯನ್ನು ಅಡ್ಡವಾಗಿ ಕತ್ತರಿಸಿ ನೋಡಿದರೆ ಅದು ಪುಸ್ತಕದ ಹಾಳೆಯಂತೆ ನಡುವೆ ಮಡಿಚಿರುತ್ತದೆ, ಚಾಪೆಯಂತೆ ಸುರುಳಿ ಸುತ್ತಿರುವುದಿಲ್ಲ. ಬಿಚ್ಚಿದ ಅಲಗನ್ನು ಬೆಳಕಿಗೆ ಹಿಡಿದರೆ ನಡುನರದ ಎರಡೂ ಬದಿಗೆ ತೆಳುಬಣ್ಣದ ಗೆರೆಯೊಂದೊಂದು, ರೈಲುಹಳಿಯ ಜೋಡಿಯಂತೆ ಉದ್ದಕ್ಕೂ ಸಾಗುತ್ತದೆ. ಎಲ್ಲಕ್ಕಿಂತ ನಂಬಬಹುದಾದ ಗುರುತು ತುದಿಯದು. ಇತರ ಹುಲ್ಲುಗಳ ಅಲಗು ಚೂಪಾಗಿ ಮುಗಿದರೆ ಇದರ ತುದಿ ದೋಣಿಯ ಮೂತಿಯಂತೆ ಒಳಗೆ ಬಾಗಿ ಕೂಡಿಕೊಂಡಿರುತ್ತದೆ. ಅದನ್ನು ಬೆರಳಿನಿಂದ ಒತ್ತಿ ಚಪ್ಪಟೆ ಮಾಡಹೋದರೆ ತುದಿ ಸೀಳಿ ಎರಡಾಗುತ್ತದೆ. ಇಷ್ಟು ತಿಳಿಯಲು ಮಸೂರವೂ ಬೇಡ, ಬೆರಳು ಸಾಕು.

ಆದರೆ ದೋಣಿಮೂತಿ ಪೋಆ ಕುಲಕ್ಕೆಲ್ಲ ಸಾಮಾನ್ಯ. ಹುಲ್ಲುಹಾಸಿನಲ್ಲಿ ಕಳೆಯಾಗಿ ಬರುವ ಅದರ ದಾಯಾದಿ ಪೋಆ ಆನ್ಯುವಾಗೂ ಅದೇ ಮೂತಿ. ಇದು ಬಣ್ಣದಲ್ಲಿ ತಿಳಿಹಸಿರು, ನಾಲಗೆ ಉದ್ದ, ಎಷ್ಟು ಗಿಡ್ಡವಾಗಿ ಕತ್ತರಿಸಿದರೂ ನೆಲಕ್ಕಂಟಿಕೊಂಡೇ ಬಿಳಿಚಿದ ತೆನೆ ಬಿಟ್ಟು ಬೀಜ ಉದುರಿಸುವ ಜಾತಿ. ಸಂದೇಹವಿದ್ದರೆ ಗಿಡವನ್ನು ಅಗೆದು ನೋಡಬೇಕು. ಕೆಂಟಕಿ ಬ್ಲೂಗ್ರಾಸಿಗೆ ಮಣ್ಣಿನೊಳಗೆ ಅಡ್ಡಡ್ಡ ಓಡುವ ಬಿಳಿಯ ಕಾಂಡಗಳಿರುತ್ತವೆ. ಶುಂಠಿ, ಅರಿಶಿನಗಳದ್ದೂ ಇದೇ ಬಗೆಯ ಕಾಂಡ. ಅಲ್ಲಿ ದಪ್ಪ, ಇಲ್ಲಿ ದಾರದಷ್ಟು ಸಪೂರ. ಗಂಟುಗಂಟಿಗೂ ಹೊಸ ಸಸಿ ಎಬ್ಬಿಸುತ್ತ ಅವು ಮಣ್ಣನ್ನು ಚಾಪೆಯಂತೆ ಹೆಣೆಯುತ್ತವೆ. ಆದ್ದರಿಂದಲೇ ಇದನ್ನು ಮಣ್ಣುಸಹಿತ ಪಟ್ಟಿಯಾಗಿ ಕೊಯ್ದು, ಸುರುಳಿ ಸುತ್ತಿ ಮಾರಲು ಸಾಧ್ಯವಾಗಿದೆ. ಪೋಆ ಆನ್ಯುವಾಗೆ ಈ ನೆಲಗಾಂಡ ಇಲ್ಲ.

ಜೊತೆಯಲ್ಲಿ ಬೆಳೆಯುವ ಮತ್ತೆರಡನ್ನು ಬೇಗ ಹೇಳಿ ಮುಗಿಸಬಹುದು. ರೈಗ್ರಾಸಿನ ಎಲೆಯ ಹಿಂಬದಿ ಎಣ್ಣೆ ಸವರಿದಂತೆ ಹೊಳೆಯುತ್ತದೆ, ಬುಡದಲ್ಲಿ ಕೆಂಪುಛಾಯೆ ಇರುತ್ತದೆ. ಟಾಲ್ ಫೆಸ್ಕ್ಯೂ ಒರಟು, ಅಗಲ. ಎಳೆಯೆಲೆ ಸುರುಳಿ ಸುತ್ತಿರುತ್ತದೆ. ಎರಡೂ ಬುಡ ಕಟ್ಟಿಕೊಂಡು ನಿಲ್ಲುತ್ತವೆಯೇ ಹೊರತು ಬ್ಲೂಗ್ರಾಸಿನಂತೆ ನೆಲದೊಳಗೆ ಹರಡಿ ಖಾಲಿ ಜಾಗ ತುಂಬುವ ಶಕ್ತಿ ಅವಕ್ಕೆ ಇಲ್ಲವೆನ್ನುವಷ್ಟು ಕಡಿಮೆ.

ಬ್ಲೂಗ್ರಾಸಿನ ಬೀಜದ ವಿಷಯದಲ್ಲಿ ಒಂದು ವಿಶೇಷವಿದೆ. ಇದರ ಬೀಜಗಳಲ್ಲಿ ಹೆಚ್ಚಿನವು ಗಂಡು ಹೆಣ್ಣಿನ ಕೂಡುವಿಕೆ ಇಲ್ಲದೆಯೇ ಹುಟ್ಟುತ್ತವೆ, ಹಾಗಾಗಿ ಮರಿ ತಾಯಿಯ ಪಡಿಯಚ್ಚು. ಎಲ್ಲಿಯಾದರೂ ಒಂದು ಒಳ್ಳೆಯ ಬುಡ ಕಂಡರೆ ಅದರ ಗುಣ ಕೆಡದೆ ತಳಿಯಾಗಿ ಉಳಿಯುತ್ತದೆ. 1936ರಲ್ಲಿ ಪೆನ್ಸಿಲ್ವೇನಿಯದ ಮೆರಿಯನ್ ಗಾಲ್ಫ್ ಮೈದಾನದ ಮೇಲ್ವಿಚಾರಕ ಜೋ ವ್ಯಾಲೆಂಟೈನ್ ಅಂಥದೊಂದು ತುಂಡು ಹುಲ್ಲನ್ನು ಕಂಡ. ಅಕ್ಕಪಕ್ಕದ ಹುಲ್ಲು ಎಲೆಚುಕ್ಕೆ ರೋಗದಿಂದ ಸೊರಗುವಾಗ ಅದು ದಟ್ಟವಾಗಿ, ಕಡುಹಸಿರಾಗಿ ನಿಂತಿತ್ತು. 1947ರಲ್ಲಿ ಅದು ಮೆರಿಯನ್ ಎಂಬ ಹೆಸರಿನಲ್ಲಿ ತಳಿಯಾಗಿ ಬಿಡುಗಡೆಯಾಯಿತು, ಜನ ಮುಗಿಬಿದ್ದು ಬಿತ್ತಿದರು. ಊರಿಗೂರೇ ಒಂದೇ ಬುಡದ ಪಡಿಯಚ್ಚಾದಾಗ ಆಗಬೇಕಾದದ್ದೇ ಆಯಿತು. ಎಲೆಚುಕ್ಕೆಯನ್ನು ತಡೆದ ಆ ಹುಲ್ಲು ತುಕ್ಕುರೋಗಕ್ಕೆ, ಎಲೆ ಸೀಳುವ ಕಾಡಿಗೆರೋಗಕ್ಕೆ ಸುಲಭವಾಗಿ ಬಲಿಬಿತ್ತು. ಈಗ ತಿಳಿದವರು ಹಲವು ತಳಿಗಳ ಬೀಜ ಬೆರೆಸಿಯೇ ಬಿತ್ತುತ್ತಾರೆ. ಅಡಿಕೆಯ ಏಕಬೆಳೆಯ ನಡುವೆ ಬದುಕುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆರೈಕೆ ತಿಳಿಯಬೇಕಾದರೆ ಋತು ತಿಳಿಯಬೇಕು. ಹುಲ್ಲುಗಳು ಗಾಳಿಯಿಂದ ಆಹಾರ ಮಾಡಿಕೊಳ್ಳುವ ಬಗೆಯಲ್ಲಿ ಎರಡು ಪಂಗಡಗಳಿವೆ. ಭತ್ತ, ಗೋಧಿ, ಬ್ಲೂಗ್ರಾಸ್ ಒಂದು ಪಂಗಡ; ಇವುಗಳಲ್ಲಿ ಮೊದಲು ತಯಾರಾಗುವ ಪದಾರ್ಥದಲ್ಲಿ ಇಂಗಾಲದ ಮೂರು ಪರಮಾಣುಗಳಿರುವುದರಿಂದ ಸಿ-3 ಎಂದು ಹೆಸರು. ಕಬ್ಬು, ಜೋಳ, ರಾಗಿ, ಗಣಪತಿಗೆ ಏರಿಸುವ ಗರಿಕೆ ಇನ್ನೊಂದು ಪಂಗಡ. ಇವು ನಾಲ್ಕು ಪರಮಾಣುಗಳ ಸಿ-4. ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಕಬ್ಬಿನ ಎಲೆಯಲ್ಲಿ ಈ ಎರಡನೆಯ ದಾರಿಯನ್ನು ವಿವರಿಸಿದರು. ಸಿ-3 ಪಂಗಡದ ಎಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವವು ಬಿಸಿಲು ಏರಿದಂತೆ ಗುರಿ ತಪ್ಪಿ ಆಮ್ಲಜನಕವನ್ನು ಹಿಡಿಯತೊಡಗುತ್ತದೆ; ಮಾಡಿಟ್ಟ ಆಹಾರ ವ್ಯರ್ಥವಾಗಿ ಉರಿದುಹೋಗುತ್ತದೆ. ಸಿ-4 ಪಂಗಡ ಆ ನಷ್ಟವನ್ನು ತಪ್ಪಿಸುವ ಏರ್ಪಾಡು ಮಾಡಿಕೊಂಡಿದೆ. ಅದಕ್ಕೇ ಏಪ್ರಿಲ್ ಬಿಸಿಲಿನಲ್ಲೂ ನೀರು ಸಿಕ್ಕ ಕಡೆ ಗರಿಕೆ ಚಿಗುರುತ್ತದೆ. ಭತ್ತ ಉಷ್ಣನಾಡಿಗೆ ಒಗ್ಗಿದ ಸಿ-3 ಸಸ್ಯ. ಬ್ಲೂಗ್ರಾಸ್ ಹಾಗೆ ಒಗ್ಗಿಲ್ಲ.

ಅದಕ್ಕೆ ಹಿತವಾದ ಉಷ್ಣತೆ 15ರಿಂದ 24 ಡಿಗ್ರಿ ಸೆಲ್ಸಿಯಸ್. ಅಮೆರಿಕದ ಉತ್ತರದಲ್ಲಿ ಹಿಮ ಕರಗಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ, ಬೇಸಗೆ ಇಳಿದ ಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಮ್ಮೆ ಅದು ಹುರುಪಿನಿಂದ ಬೆಳೆಯುತ್ತದೆ. ನಡುವಿನ ಜುಲೈ, ಆಗಸ್ಟಿನಲ್ಲಿ ನೀರಿಲ್ಲದಿದ್ದರೆ ಎಲೆಗಳು ಕಂದಿ ಒಣಗಿ ಮಲಗಿಬಿಡುತ್ತವೆ. ಇದು ಸಾವಲ್ಲ. ಬುಡದ ಕುರುಳೆಯೂ ನೆಲಗಾಂಡವೂ ಜೀವ ಹಿಡಿದುಕೊಂಡು ಹಲವು ವಾರ ನಿದ್ರಿಸಿ, ಮಳೆ ಬಿದ್ದ ಕೂಡಲೇ ಚಿಗುರುತ್ತವೆ. ಇಡೀ ಆರೈಕೆಯ ಗುಟ್ಟು ಇಷ್ಟರಲ್ಲಿದೆ, ಎಲ್ಲ ತಪ್ಪುಗಳೂ ಈ ನಿದ್ರೆಯನ್ನು ಒಪ್ಪಿಕೊಳ್ಳದಿರುವುದರಿಂದಲೇ ಹುಟ್ಟುತ್ತವೆ.

ಬಿತ್ತನೆಗೆ ಉತ್ತಮ ಕಾಲ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ. ಮಣ್ಣು ಬೆಚ್ಚಗಿರುತ್ತದೆ, ಗಾಳಿ ತಂಪಾಗಿರುತ್ತದೆ, ಕಳೆಯ ಕಾಟ ಇಳಿದಿರುತ್ತದೆ. ಬೀಜ ಬಹಳ ಸಣ್ಣದು, ಒಂದು ಗ್ರಾಮಿಗೆ ಸುಮಾರು 3,000 ಕಾಳು. ಸಾವಿರ ಚದರಡಿಗೆ, ಅಂದರೆ ಗುಂಟೆಗೆ ತುಸು ಕಡಿಮೆ ಜಾಗಕ್ಕೆ, ಅರ್ಧದಿಂದ ಒಂದು ಕಿಲೋ ಸಾಕು. ಆಳಕ್ಕೆ ಹೂಳಬಾರದು, ಕೆದರಿದ ಮಣ್ಣಿನ ಮೇಲೆ ಚೆಲ್ಲಿ ಮೇಲಿಂದ ಮೇಲೆ ಬೆರೆಸಿ ಒತ್ತಬೇಕು. ರೈಗ್ರಾಸ್ ವಾರದೊಳಗೆ ಮೊಳೆತರೆ ಇದು ಎರಡರಿಂದ ನಾಲ್ಕು ವಾರ ಕಾಯಿಸುತ್ತದೆ. ಮೊಳೆಯಲಿಲ್ಲವೆಂದು ಹತ್ತನೆಯ ದಿನಕ್ಕೇ ಮತ್ತೆ ಬಿತ್ತುವುದು ಅಲ್ಲಿನ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಮಣ್ಣಿನ ಪಿಎಚ್ 6 ಮತ್ತು 7ರ ನಡುವೆ ಇರಬೇಕು, ಹುಳಿಮಣ್ಣಾದರೆ ಸುಣ್ಣ ಬೇಕಾಗುತ್ತದೆ.

ಕತ್ತರಿಸುವುದರಲ್ಲಿ ಎರಡು ನಿಯಮಗಳು. ಎತ್ತರವನ್ನು 6ರಿಂದ 9 ಸೆಂಟಿಮೀಟರಿಗಿಂತ ಇಳಿಸಬಾರದು. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಎಲೆ ಎತ್ತರವಿದ್ದಷ್ಟೂ ಬೇರು ಆಳಕ್ಕಿಳಿಯುತ್ತದೆ, ನೆರಳಿನಿಂದ ಕಳೆಬೀಜ ಮೊಳೆಯದು, ಮಣ್ಣಿನ ತೇವ ಆರದು. ಬೋಳುತಲೆಯಂತೆ ಕತ್ತರಿಸಿ, ಆಮೇಲೆ ಕಳೆ ಬಂತೆಂದು ವಿಷ ತರುವುದು ಎರಡು ಪಟ್ಟು ಖರ್ಚಿನ ಕೆಲಸ. ಕತ್ತರಿಸಿದ ಚೂರುಗಳನ್ನು ಚೀಲಕ್ಕೆ ತುಂಬುವ ಅಗತ್ಯವೇ ಇಲ್ಲ. ಅಲ್ಲಿಯೇ ಬಿಟ್ಟರೆ ಅವು ಕೊಳೆತು ಹುಲ್ಲಿಗೆ ಬೇಕಾದ ಸಾರಜನಕದ ಕಾಲುಭಾಗದಷ್ಟನ್ನು ಮರಳಿ ಕೊಡುತ್ತವೆ. ಸೊಪ್ಪಿನ ಬೆಟ್ಟದಿಂದ ತರಗೆಲೆ ತಂದು ತೋಟಕ್ಕೆ ಹೊದಿಸುವವರಿಗೆ ಇದು ಹೊಸ ಪಾಠವಲ್ಲ. ಹಾಗೆ ನೋಡಿದರೆ ಎಡ್ವಿನ್ ಬಡ್ಡಿಂಗ್ ಎಂಬಾತ 1830ರಲ್ಲಿ ಇಂಗ್ಲೆಂಡಿನಲ್ಲಿ ಕತ್ತರಿಸುವ ಯಂತ್ರ ಮಾಡುವವರೆಗೆ ಈ ಕೆಲಸ ಕುಡುಗೋಲಿನದು ಮತ್ತು ಕುರಿಗಳದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರ ಶ್ವೇತಭವನದ ಅಂಗಳದಲ್ಲೂ ಕುರಿಗಳು ಮೇಯ್ದವು.

ಗೊಬ್ಬರದ ಸಾಮಾನ್ಯ ಶಿಫಾರಸು ವರ್ಷಕ್ಕೆ ಸಾವಿರ ಚದರಡಿಗೆ 1ರಿಂದ 1.8 ಕಿಲೋ ಸಾರಜನಕ. ಹೆಕ್ಟೇರಿಗೆ ಲೆಕ್ಕ ಹಾಕಿದರೆ ಇದು 100 ಕಿಲೋ ದಾಟಿ 190ರ ಹತ್ತಿರ ಹೋಗುತ್ತದೆ. ಗದ್ದೆಗೆ ಯೂರಿಯಾ ಹೊತ್ತವರಿಗೆ ಈ ಅಂಕಿಯ ತೂಕ ತಿಳಿಯುತ್ತದೆ. ಚೂರುಗಳನ್ನು ಅಲ್ಲಿಯೇ ಬಿಟ್ಟು, ಉಳಿದದ್ದರ ದೊಡ್ಡ ಪಾಲನ್ನು ಶರತ್ಕಾಲದಲ್ಲಿ ಕೊಟ್ಟರೆ ಕಡಿಮೆಯಲ್ಲೇ ಸಾಗುತ್ತದೆ. ವಸಂತದಲ್ಲಿ ಅತಿಯಾಗಿ ಉಣಿಸಿದರೆ ಎಲೆ ಸೊಕ್ಕಿ ಬೆಳೆದು ಬೇರು ಬಡವಾಗುತ್ತದೆ. ಬೇಸಗೆಯಲ್ಲಿ ಉಣಿಸಿದರೆ ನಿದ್ರಿಸಬೇಕಾದ ಹುಲ್ಲನ್ನು ಬಡಿದೆಬ್ಬಿಸಿದಂತೆ. ಒಂದು ಕಾಲಕ್ಕೆ ಬ್ಲೂಗ್ರಾಸಿನ ಬೀಜದೊಡನೆ ಬಿಳಿ ಕ್ಲೋವರ್ ಎಂಬ ದ್ವಿದಳ ಸಸ್ಯದ ಬೀಜವನ್ನೂ ಬೆರೆಸಿ ಮಾರುತ್ತಿದ್ದರು. ಅದು ಗಾಳಿಯ ಸಾರಜನಕವನ್ನು ಹಿಡಿದು ಹುಲ್ಲಿಗೆ ಉಣಿಸುತ್ತಿತ್ತು. 1940ರ ದಶಕದಲ್ಲಿ 2,4-ಡಿ ಎಂಬ ಕಳೆನಾಶಕ ಅಂಗಡಿಗೆ ಬಂತು. ಅದು ಅಗಲ ಎಲೆಯ ಗಿಡಗಳನ್ನೆಲ್ಲ ಕೊಲ್ಲುತ್ತದೆ, ಹುಲ್ಲನ್ನು ಬಿಡುತ್ತದೆ. ಅದು ಕ್ಲೋವರನ್ನೂ ಕೊಂದದ್ದರಿಂದ ಅಲ್ಲಿಯವರೆಗೆ ಸಂಗಾತಿಯಾಗಿದ್ದ ಗಿಡ ಕಳೆಯೆಂದು ಹೆಸರು ಪಡೆಯಿತು. ಅದು ಪುಕ್ಕಟೆ ಕೊಡುತ್ತಿದ್ದ ಸಾರಜನಕ ಚೀಲದಲ್ಲಿ ಕೊಳ್ಳುವ ವಸ್ತುವಾಯಿತು. ಇಂದು ತೋಟದ ಕಳೆಗೆಲ್ಲ ವಿಷದ ಡಬ್ಬಿಯೇ ಮದ್ದೆಂದು ನಂಬಿರುವ ಮಲೆನಾಡಿನ ಕೃಷಿಕರು ಈ ಒಂದು ಪ್ರಸಂಗವನ್ನು ಸಾವಧಾನವಾಗಿ ಯೋಚಿಸಬೇಕು.

ನೀರು. ಬೆಳೆಯುವ ಕಾಲದಲ್ಲಿ ವಾರಕ್ಕೆ ಸುಮಾರು 25 ಮಿಲಿಮೀಟರ್, ಮಳೆಯೂ ಸೇರಿ. ಗುಂಟೆಯೊಂದಕ್ಕೆ ಇದು ವಾರಕ್ಕೆ 2,500 ಲೀಟರ್ ಆಗುತ್ತದೆ. ದಿನವೂ ಚಿಮುಕಿಸುವುದಕ್ಕಿಂತ ಒಂದೆರಡು ಸಲ ಆಳಕ್ಕಿಳಿಯುವಂತೆ ಹಾಯಿಸುವುದು ಒಳ್ಳೆಯದು. ಹೊತ್ತು ಮುಂಜಾವಿನದಾದರೆ ಎಲೆ ಬೇಗ ಆರಿ ಶಿಲೀಂಧ್ರ ರೋಗ ತಗ್ಗುತ್ತದೆ. ಬೇಸಗೆಯಲ್ಲಿ ಹುಲ್ಲು ಕಂದಿದರೆ ಎರಡು ದಾರಿಗಳಿವೆ. ಬೇಸಗೆಯುದ್ದಕ್ಕೂ ನೀರು ಹಾಯಿಸಿ ಹಸಿರಾಗಿರಿಸುವುದು, ಇಲ್ಲವೇ ಮಲಗಲು ಬಿಡುವುದು. ಮಲಗಿದ ಹುಲ್ಲಿಗೆ ಎರಡು ಮೂರು ವಾರಕ್ಕೊಮ್ಮೆ ಸುಮಾರು 12 ಮಿಲಿಮೀಟರ್ ನೀರು ಕೊಟ್ಟರೆ ಬುಡ ಬದುಕಿರುತ್ತದೆ. ಒಂದು ವಾರ ನೀರು, ಮುಂದಿನ ವಾರ ಮರೆವು, ಇದು ಅತ್ಯಂತ ಕೆಟ್ಟದ್ದು. ಎದ್ದು ಮಲಗಿ, ಎದ್ದು ಮಲಗಿ ಗಿಡ ತನ್ನ ದಾಸ್ತಾನನ್ನೆಲ್ಲ ಕಳೆದುಕೊಳ್ಳುತ್ತದೆ.

ಕಂದಿದ್ದು ನಿದ್ರೆಯೋ ರೋಗವೋ ಎಂದು ತಿಳಿಯಲು ಒಂದು ಹಿಡಿ ಹುಲ್ಲನ್ನು ಜಗ್ಗಿ ನೋಡಬೇಕು. ಗಟ್ಟಿಯಾಗಿ ನೆಲ ಹಿಡಿದಿದ್ದು ಬುಡ ಬೆಳ್ಳಗೆ ಬಿಗಿಯಾಗಿದ್ದರೆ ಅದು ನಿದ್ರೆ. ಚಾಪೆಯಂತೆ ಸಲೀಸಾಗಿ ಎದ್ದು ಬಂದರೆ ಕೆಳಗೆ ಬೇರು ತಿಂದ ಬಿಳಿಯ ಹುಳುಗಳಿರುತ್ತವೆ, ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿ ಮಲಗಿರುತ್ತವೆ. ಅಡಿಕೆ ತೋಟದ ಬೇರುಹುಳುವನ್ನು ಕಂಡವರಿಗೆ ನೋಡಿದ ಕೂಡಲೇ ನೆಂಟಸ್ತನ ತಿಳಿಯುತ್ತದೆ. ಎರಡೂ ಜೀರುಂಡೆಯ ಮರಿಗಳೇ. ಅಲ್ಲಿ ಮುಖ್ಯ ಅಪರಾಧಿ ಜಪಾನಿನ ಜೀರುಂಡೆ. 1916ರಲ್ಲಿ ನ್ಯೂಜೆರ್ಸಿಯಲ್ಲಿ ಮೊದಲು ಕಾಣಿಸಿಕೊಂಡಿತು. ಆಗಸ್ಟಿನಲ್ಲಿ ಎಲ್ಲೆಡೆ ಒಣಗಿರುವಾಗ ಮೊಟ್ಟೆಯಿಡಲು ತೇವದ ಮಣ್ಣನ್ನು ಹುಡುಕುವ ಜೀರುಂಡೆ ನೀರು ಹಾಯಿಸಿದ ಹಸಿರು ಹಾಸಿಗೇ ಬರುತ್ತದೆ.

ಒಂದು ಅಂಗಳದ ಲೆಕ್ಕ ಇಷ್ಟು. ಇದನ್ನು ಇಡೀ ದೇಶಕ್ಕೆ ಹಬ್ಬಿಸಿದಾಗ ಚಿತ್ರವೇ ಬದಲಾಗುತ್ತದೆ. ಉಪಗ್ರಹ ಮತ್ತು ವೈಮಾನಿಕ ಚಿತ್ರಗಳ ನೆರವಿನಿಂದ ಕ್ರಿಸ್ಟಿನಾ ಮಿಲೇಸಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೆರಿಕದ ಹುಲ್ಲುಹಾಸುಗಳ ಒಟ್ಟು ವಿಸ್ತೀರ್ಣ, ಎಲ್ಲ ಜಾತಿಯ ಹುಲ್ಲೂ ಸೇರಿ, ಸುಮಾರು 1,63,000 ಚದರ ಕಿಲೋಮೀಟರ್. ಕರ್ನಾಟಕ ರಾಜ್ಯದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಬೀದರದಿಂದ ಚಾಮರಾಜನಗರದವರೆಗಿನ ನೆಲದ ಬಹುಪಾಲನ್ನು ತಿನ್ನಲಾಗದ, ಮೇಯಿಸಲಾಗದ ಹುಲ್ಲು ಆವರಿಸಿದಂತೆ ಇದು. ಮನೆಗಳ ಹೊರಾಂಗಣಕ್ಕೆ, ಮುಖ್ಯವಾಗಿ ಹುಲ್ಲುಹಾಸು ಮತ್ತು ಕೈತೋಟಕ್ಕೆ, ಆ ದೇಶದಲ್ಲಿ ದಿನಕ್ಕೆ ಸುಮಾರು 3,400 ಕೋಟಿ ಲೀಟರ್ ನೀರು ಖರ್ಚಾಗುತ್ತದೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು.

ತಂಪುನಾಡಿನ ಹುಲ್ಲುಗಳು ಮರುಭೂಮಿಯ ನಗರಗಳಿಗೂ ಹೋದವು. ನೆವಾಡ ರಾಜ್ಯದ ಲಾಸ್ ವೇಗಸ್ ಅಂಥ ಒಂದು ನಗರ. ಅದಕ್ಕೆ ನೀರು ಬರುವುದು ಕೊಲರಾಡೊ ನದಿಯಿಂದ. 2021ರಲ್ಲಿ ಆ ನದಿಯ ಜಲಾಶಯಗಳು ಬತ್ತುತ್ತ ಬಂದು ಸರ್ಕಾರ ಮೊತ್ತಮೊದಲ ಬಾರಿಗೆ ನೀರಿನ ಕೊರತೆಯನ್ನು ಘೋಷಿಸಬೇಕಾಯಿತು. ಅದೇ ವರ್ಷ ನೆವಾಡದ ಶಾಸನಸಭೆ ಒಂದು ಕಾನೂನು ಮಾಡಿತು. ರಸ್ತೆಯ ನಡುವೆ, ಕಚೇರಿಗಳ ಮುಂದೆ, ನಡೆಯಲೂ ಆಡಲೂ ಉಪಯೋಗಿಸದೆ ಬರೀ ನೋಟಕ್ಕೆ ಬೆಳೆಸಿದ ಹುಲ್ಲಿಗೆ ಆ ನದಿಯ ನೀರು ಹಾಯಿಸುವುದನ್ನು 2026ರ ಅಂತ್ಯಕ್ಕೆ ನಿಲ್ಲಿಸತಕ್ಕದ್ದು ಎಂದು ಗೊತ್ತುಪಡಿಸಿತು. ಒಂಟಿಮನೆಗಳ ಅಂಗಳವನ್ನು ಅದು ಮುಟ್ಟಲಿಲ್ಲ. ರಾಜಕೀಯಕ್ಕೆ ಅಲ್ಲಿಯೂ ಅಂಜಿಕೆಗಳಿವೆ.

ಇನ್ನೊಂದು ಪರಿಣಾಮ ಸದ್ದಿಲ್ಲದ್ದು. ಡಕೋಟ ಪ್ರಾಂತಗಳ ವಿಶಾಲ ಹುಲ್ಲುಬಯಲುಗಳಲ್ಲಿ ಯಾರೂ ಅಕ್ಕರೆಯಿಂದ ಸಾಕದ ಬ್ಲೂಗ್ರಾಸ್ ತಾನಾಗಿ ಹರಡಿ ಮೂಲದ ಹುಲ್ಲುಗಳನ್ನೂ ಹೂಗಿಡಗಳನ್ನೂ ಒತ್ತರಿಸುತ್ತಿದೆ. ಅಲ್ಲಿ ಹವೆ ಅದಕ್ಕೆ ಹಿತವಾಗಿದೆ. ಬೇರೆ ಹುಲ್ಲುಗಳು ಏಳುವ ಮುನ್ನವೇ ವಸಂತದಲ್ಲಿ ಹಸಿರಾಗಿ ನೆಲದ ತೇವವನ್ನು ಹೀರುತ್ತದೆ. ಸತ್ತ ಎಲೆ, ನೆಲಗಾಂಡಗಳ ದಪ್ಪ ಪದರ ಕಟ್ಟಿ ಬೇರೆ ಬೀಜ ಮಣ್ಣು ಮುಟ್ಟದಂತೆ ತಡೆಯುತ್ತದೆ. ಮನೆಯಂಗಳದಲ್ಲಿ ಯಾವ ಗುಣಕ್ಕೆ ಹೊಗಳಿಕೆ ಸಿಕ್ಕಿತೋ ಅದೇ ಹೆಣೆಯುವ ಗುಣ ಬಯಲಿನಲ್ಲಿ ಆಪತ್ತು. ಇದು ಹಸಿರಾಗಿದ್ದು ಮೂಲದ ಹುಲ್ಲುಗಳು ಇನ್ನೂ ಮಲಗಿರುವ ಆ ಕೆಲವೇ ವಾರಗಳನ್ನು ಹಿಡಿದು ದನ ಮೇಯಿಸುವ, ಇಲ್ಲವೇ ಹದವರಿತು ಬೆಂಕಿ ಕೊಡುವ ಪ್ರಯೋಗಗಳು ಅಲ್ಲಿ ನಡೆದಿವೆ. ಅಲ್ಲಿಯೂ ಕೆಲಸಕ್ಕೆ ಬಂದದ್ದು ಋತುವಿನ ತಿಳಿವಳಿಕೆಯೇ.

ಇಂಥ ಬೀಜದ ಪೊಟ್ಟಣವನ್ನು ತಂದು ಮಲೆನಾಡಿನ ಅಂಗಳದಲ್ಲಿ, ಹೋಂಸ್ಟೇ ಮುಂದೆ ಬಿತ್ತುವ ಆಸೆ ಯಾರಿಗಾದರೂ ಬರಬಹುದು. ಮೊಳೆಯಬಹುದು, ಡಿಸೆಂಬರಿನ ತಂಪಿನಲ್ಲಿ ಚೆಂದವೂ ಕಾಣಬಹುದು. ಮಾರ್ಚಿನ ಬಿಸಿಲಿಗೆ ಸೊರಗುತ್ತದೆ. ಬದುಕುಳಿದದ್ದು ಆಷಾಢದಲ್ಲಿ, ಆರದ ಎಲೆಯ ಮೇಲೆ ಶಿಲೀಂಧ್ರ ಕೂತು ಕೊಳೆಯುತ್ತದೆ. ಜಂಬಿಟ್ಟಿಗೆಯ ಹುಳಿಮಣ್ಣು ಅದಕ್ಕೆ ಹಿಡಿಸದು. ಹಲವು ವಾರದ ಚಳಿ ಕಾಣದೆ ತೆನೆ ಬಿಡುವ ಹುಲ್ಲೂ ಅದಲ್ಲ. ಅಂಗಳಕ್ಕೆ ಹಸಿರೇ ಬೇಕೆಂದರೆ ಗರಿಕೆ ಇದೆ. ಬೀಜವೂ ಬೇಡ, ಪೊಟ್ಟಣವೂ ಬೇಡ.

ಬೆಟ್ಟದ ನೆತ್ತಿಯ ಹುಲ್ಲಿನ ಮಾತು ಬೇರೆ. ಕುದುರೆಮುಖ, ಬಾಬಾಬುಡನ್‌ಗಿರಿಗಳ ಹುಲ್ಲುಗಾವಲಿನಲ್ಲಿ ಹೆಚ್ಚಿನವು ಸಿ-4 ಹುಲ್ಲುಗಳು. ಅವನ್ನು ಪಾಳುಭೂಮಿಯೆಂದು ದಾಖಲೆಗಳಲ್ಲಿ ಬರೆದು, ಅಕೇಶಿಯಾ ನೆಟ್ಟು ಹಸಿರು ಮಾಡಿದೆವೆಂದು ಬೀಗಿದ ಕಾಲ ಒಂದಿತ್ತು. ಆ ಹುಲ್ಲುಗಾವಲು ಕಾಡು ಕಡಿದ ಮೇಲೆ ಹುಟ್ಟಿದ್ದೆಂಬ ವಾದವೂ ಇತ್ತು. ನೀಲಗಿರಿಯ ಜೌಗಿನಲ್ಲಿ ಪದರಪದರವಾಗಿ ಕೂತ ಕೊಳೆತ ಸಸ್ಯಾವಶೇಷವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಪರೀಕ್ಷಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿ-3 ಮತ್ತು ಸಿ-4 ಸಸ್ಯಗಳು ಕೊಳೆತ ಮೇಲೂ ಇಂಗಾಲದಲ್ಲಿ ಬೇರೆಬೇರೆ ಗುರುತು ಬಿಡುತ್ತವೆ. ಸುಮಾರು 20,000 ವರ್ಷಗಳ ಹಿಂದಿನ ಒಣ ಹವೆಯ ಪದರಗಳಲ್ಲಿ ಸಿ-4 ಹುಲ್ಲಿನ ಗುರುತು ಮೇಲುಗೈಯಾಗಿತ್ತು. ಮುಂಗಾರು ಬಲವಾದ ಕಾಲದಲ್ಲಿ ಮರಗಿಡಗಳೂ ಸೇರಿದ ಸಿ-3ರ ಗುರುತು ಹೆಚ್ಚಿತ್ತು. ಬೆಟ್ಟದ ಹುಲ್ಲು ಕೊಡಲಿಗಿಂತ ಬಹಳ ಹಳೆಯದು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಸೂಚಿಸಬಹುದು. ಬೇಣದ ಹುಲ್ಲು ತೆನೆ ಬಿಡುವುದು ಆಶ್ವಯುಜ, ಕಾರ್ತೀಕದಲ್ಲಿ. ಆಗ ಹತ್ತು ಬಗೆಯ ಹುಲ್ಲನ್ನು ಬೇರುಸಹಿತ ತಂದು ಮೊದಲು ಕಂಠವನ್ನು ಬಿಡಿಸಿ ನೋಡಬೇಕು. ನಾಲಗೆ ಇದೆಯೇ, ಇದ್ದರೆ ಪೊರೆಯೋ ರೋಮದ ಸಾಲೋ, ಎಳೆಯೆಲೆ ಮಡಿಕೆಯೋ ಸುರುಳಿಯೋ, ನೆಲದಡಿ ಓಡುವ ಕಾಂಡ ಉಂಟೇ ಎಂದು ಬರೆದುಕೊಳ್ಳಬೇಕು. ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಸ್ಥಳ ಮತ್ತು ತಾರೀಖಿನ ಜೊತೆಗೆ, ದನ ಮೇಯಿಸಿದ ಹಿರಿಯರೊಬ್ಬರನ್ನು ಕೇಳಿ ಊರಿನಲ್ಲಿ ಅದಕ್ಕಿರುವ ಹೆಸರನ್ನೂ, ಹಸು ಅದನ್ನು ತಿನ್ನುವ ತಿಂಗಳನ್ನೂ ಹಾಳೆಯ ಮೂಲೆಯಲ್ಲಿ ಬರೆಯಬೇಕು.